ಗಾಳ ಹಿಡಿದ ಕೈಗಳ ನೆನಪು

(ಸಂಘಗಳ ಮಾಸಿಕ ಸಭೆಗಾಗಿ ಪಾಠ)

ಪಾಠದ ಉದ್ದೇಶ: ದುಡಿದು ಬದುಕಿ ಅಗಲಿದವರನ್ನು ನಾವು ಹೇಗೆ ನೆನೆಯುತ್ತೇವೆ, ಹೇಗೆ ನೆನೆಯಬೇಕು ಎಂದು ಯೋಚಿಸುವುದು, ಆ ನೆನಪು ಉಳಿದವರ ಬದುಕಿಗೆ ಆಸರೆಯಾಗುವ ದಾರಿ ತಿಳಿಯುವುದು.

ಸಮಯ: ಒಂದೂವರೆ ಗಂಟೆ.

ಬೇಕಾದ ವಸ್ತುಗಳು: ಪ್ರತಿ ಸದಸ್ಯೆಗೆ ಒಂದು ಬಿಳಿ ಹಾಳೆ, ಪೆನ್ನು. ಓದು ಬರಹ ಬಾರದವರ ಜೊತೆಗೆ ಶಾಲೆಗೆ ಹೋಗುವ ಒಬ್ಬ ಹುಡುಗನೋ ಹುಡುಗಿಯೋ ಕೂತರೆ ಒಳ್ಳೆಯದು.



ಮೊದಲು ಒಂದು ಘಟನೆಯಿಂದ ಆರಂಭಿಸೋಣ.

ಒಂದು ಘಟನೆ

ಮಲೆನಾಡಿನ ಒಂದು ಕಾಫಿ ತೋಟದ ಲೈನ್ ಮನೆ. ಆ ಮನೆಯ ಯಜಮಾನ ತೀರಿಕೊಂಡು ಎರಡು ತಿಂಗಳಾಗಿತ್ತು. ಅವರ ಹೆಂಡತಿ ನಮ್ಮ ಸಂಘದ ಸದಸ್ಯೆ. ನಾನು ಮಾತನಾಡಿಸಲು ಹೋದಾಗ ಮಳೆ ಹಿಡಿದಿತ್ತು. ಒಲೆಯ ಮುಂದೆ ಕೂತು ಕಾಫಿ ಕುಡಿಯುತ್ತಾ ಸೂರಿನ ಕಡೆ ನೋಡಿದೆ. ಹಂಚಿನ ಕೆಳಗೆ ಸಿಕ್ಕಿಸಿದ ಎರಡು ಬಿದಿರಿನ ಗಾಳದ ಕೋಲುಗಳು ಹಾಗೇ ಇದ್ದವು. ಹೊಗೆ ಹಿಡಿದು ಕಪ್ಪಾಗಿದ್ದವು. "ಅವರದ್ದಾ?" ಎಂದೆ. "ಹೂಂ ಸಿಸ್ಟರ್, ತೆಗೆಯೋಕೆ ಮನಸ್ಸು ಬರಲ್ಲ" ಅಂದರು.

"ಅವರ ಬಗ್ಗೆ ಒಂದು ಪುಟ ಬರೆದಿಡೋಣ, ಮಕ್ಕಳಿಗೆ ಬೇಕಾಗುತ್ತೆ" ಎಂದು ನಾನು ಹೇಳಿದಾಗ ಆ ತಾಯಿ ಹೇಳಿದ ಮಾತು ನನಗೆ ಇವತ್ತಿಗೂ ಮರೆತಿಲ್ಲ. "ಎಂತ ಬರೆಯೋದು ಸಿಸ್ಟರ್? ತೋಟಕ್ಕೆ ಹೋದ್ರು, ಬಂದ್ರು. ಭಾನುವಾರ ಗಾಳ ಹಾಕಿದ್ರು. ಸತ್ರು. ಕೂಲಿಯವನ ಬಗ್ಗೆ ಬರೆಯೋಕೆ ಏನಿದೆ?"

ಮುಂದಿನ ಸಭೆಯಲ್ಲಿ ಇದೇ ಪ್ರಶ್ನೆಯನ್ನು ಎಲ್ಲರ ಮುಂದೆ ಇಟ್ಟೆವು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು, "ಮರಗಸಿ ಮಾಡೋದ್ರಲ್ಲಿ ಅವ್ರ ಕೈ ಬೇರೆ ಯಾರಿಗೂ ಇಲ್ಲ. ಕೆಳಗಿನ ಕಾಫಿ ಗಿಡಕ್ಕೆ ಒಂದು ಕೊಂಬೆ ಬೀಳಿಸ್ತಿರಲಿಲ್ಲ" ಎಂದರು. ಇನ್ನೊಬ್ಬರು, "ಮೀನು ಸಿಕ್ಕಿದ್ರೆ ಮೊದಲು ಕೊನೇ ಮನೆ ಅಜ್ಜಿಗೆ ಕೊಟ್ಟೇ ಮನೆಗೆ ಹೋಗ್ತಿದ್ರು" ಎಂದರು. ಮೂಲೆಯಲ್ಲಿ ಕೂತಿದ್ದ ಒಬ್ಬ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನನ್ನ ಮಗ ಹೊಳೇಲಿ ಹೋಗ್ತಿದ್ದ. ಗಾಳ ಬಿಸಾಕಿ ಹಾರಿ ಎಳ್ಕೊಂಡು ಬಂದೋರು ಅವರೇ. ಯಾರಿಗೂ ಹೇಳ್ಬೇಡಿ, ಹುಡುಗನಿಗೆ ಹೊಡೀತಾರೆ ಅಂದಿದ್ರು. ಅದಕ್ಕೆ ಇಲ್ಲೀವರೆಗೆ ನಾನು ಹೇಳಿರಲಿಲ್ಲ" ಎಂದರು.

ಆ ಮನೆಯಾಕೆಗೇ ಈ ಸಂಗತಿ ಗೊತ್ತಿರಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದ ಗಂಡನ ಬಗ್ಗೆ ಅವರು ಅವತ್ತು ಒಂದು ಹೊಸ ವಿಷಯ ಕೇಳಿದರು. "ಬರೆಯೋಕೆ ಏನಿದೆ" ಎಂದವರು ಹಾಳೆಯ ಎರಡೂ ಬದಿ ತುಂಬಿದ ಮೇಲೆ ಇನ್ನೊಂದು ಹಾಳೆ ಕೇಳಿದರು.

ನಮ್ಮ ನಾಡಿನ ಒಬ್ಬ ಗಾಳಗಾರರು

ಗಾಳ ಹಾಕುವವರು ಎಂದರೆ ಕೆಲಸವಿಲ್ಲದವರು ಎಂದು ಹೇಳುವ ರೂಢಿ ನಮ್ಮಲ್ಲಿದೆ. ಹಾಗಾದರೆ ಇವರನ್ನು ಸ್ವಲ್ಪ ನೋಡೋಣ.

ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಅವರು 1938ರ ಸೆಪ್ಟೆಂಬರ್ 8ರಂದು ಹುಟ್ಟಿದರು. ತಂದೆ ಮಹಾಕವಿ ಕುವೆಂಪು, ತಾಯಿ ಹೇಮಾವತಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಓದಿದರು. ಅಂಥ ತಂದೆಯ ಮಗ, ಅಷ್ಟು ಓದಿದವರು ಕಾಲೇಜಿನಲ್ಲಿ ಮೇಷ್ಟ್ರಾಗುತ್ತಾರೆ ಎಂದು ಜನ ಎಣಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರು 1960ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಗೆ ಬಂದು ಕಾಡಿನ ಅಂಚಿನಲ್ಲಿ ಕೃಷಿಗೆ ಇಳಿದರು. ಕಾಫಿ ಬೆಳೆದರು. 1966ರಲ್ಲಿ ರಾಜೇಶ್ವರಿ ಅವರನ್ನು ಮದುವೆಯಾದರು. ಕುವೆಂಪು ಅವರು ರೂಪಿಸಿದ ಮಂತ್ರ ಮಾಂಗಲ್ಯ ಎಂಬ ಸರಳ ವಿಧಾನದಲ್ಲಿ, ವರದಕ್ಷಿಣೆ ಇಲ್ಲದೆ, ಆಡಂಬರ ಇಲ್ಲದೆ ಆ ಮದುವೆ ನಡೆಯಿತು. ಮದುವೆಗೆ ಸಾಲ ಮಾಡಿ ಹತ್ತು ವರ್ಷ ತೀರಿಸುವ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು.

ತೇಜಸ್ವಿಯವರು ಬರೆದ ಪುಸ್ತಕಗಳನ್ನು ನಿಮ್ಮ ಮಕ್ಕಳು ಶಾಲೆಯಲ್ಲಿ ಓದಿರಬಹುದು. 1973ರ 'ಅಬಚೂರಿನ ಪೋಸ್ಟಾಫೀಸು', 1980ರ 'ಕರ್ವಾಲೊ', ಆಮೇಲೆ 'ಚಿದಂಬರ ರಹಸ್ಯ', 'ಪರಿಸರದ ಕತೆ', 'ಜುಗಾರಿ ಕ್ರಾಸ್' ಹೀಗೆ ಪಟ್ಟಿ ಉದ್ದವಿದೆ. 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬರೆಯುವುದರ ಜೊತೆಗೆ ತೋಟ ನೋಡಿಕೊಂಡರು, ಗಂಟೆಗಟ್ಟಲೆ ಕಾದು ಹಕ್ಕಿಗಳ ಫೋಟೋ ತೆಗೆದರು, ಚಿತ್ರ ಬರೆದರು, ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು, ವಯಸ್ಸಾದ ಮೇಲೂ ಕಂಪ್ಯೂಟರ್ ಕಲಿತು ಅದರಲ್ಲಿ ಕನ್ನಡ ಸರಿಯಾಗಿ ಬರಬೇಕೆಂದು ತಲೆ ಕೆಡಿಸಿಕೊಂಡರು. ಇಷ್ಟೆಲ್ಲದರ ನಡುವೆ ಅವರಿಗೆ ಬಲು ಪ್ರಿಯವಾದದ್ದು ಗಾಳ ಹಿಡಿದು ಹೊಳೆಯ ದಡದಲ್ಲಿ ಕೂರುವುದು! ಅವರ ಅಂಡಮಾನ್ ಪ್ರವಾಸದ ಪುಸ್ತಕದಲ್ಲೂ ಮೀನು ಹಿಡಿಯುವ ಹುಚ್ಚು ಜೊತೆಗೇ ಬಂದಿದೆ.

2007ರ ಏಪ್ರಿಲ್ 5ರಂದು ಮೂಡಿಗೆರೆಯ ತಮ್ಮ 'ನಿರುತ್ತರ' ಮನೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 68 ವರ್ಷ. ಹುದ್ದೆ, ವೇದಿಕೆ, ಸನ್ಮಾನ ಇವುಗಳಿಂದ ದೂರವೇ ಉಳಿದಿದ್ದ ಮನುಷ್ಯ. ನೇರ ಮಾತಿನವರು, ಎಲ್ಲರಿಗೂ ಹಿತವಾಗುವಂತೆ ನಯವಾಗಿ ಮಾತನಾಡುವವರಲ್ಲ. ಆದರೆ ದುಡಿಯುವ ಜನರ ಮೇಲೆ, ಪ್ರಾಣಿ ಪಕ್ಷಿಗಳ ಮೇಲೆ ಅವರಿಗಿದ್ದ ಅಕ್ಕರೆಯನ್ನು ಅವರ ಒಂದೊಂದು ಪುಟದಲ್ಲೂ ಕಾಣಬಹುದು.

ಹೊಳೆ ಏನು ಕಲಿಸುತ್ತದೆ?

ಗಾಳ ಹಾಕುವವನಿಗೆ ಮೊದಲು ಬೇಕಾದದ್ದು ತಾಳ್ಮೆ. ಎರೆಹುಳು ಸಿಕ್ಕಿಸಿ ದಾರ ಬಿಟ್ಟ ಮೇಲೆ ಅವಸರ ಮಾಡಿ ಪ್ರಯೋಜನವಿಲ್ಲ. ಎರಡನೆಯದು ಗಮನ. ನೀರು ಎಲ್ಲಿ ಸುಳಿಯುತ್ತದೆ, ಎಲ್ಲಿ ಮಡುವಾಗಿದೆ, ಬಂಡೆಯ ಸಂದಿಯಲ್ಲಿ ಹಾವುಮೀನು ಇದೆಯೋ, ಕೆಸರಿನಲ್ಲಿ ಕೊರವ ಮೀನು ಇದೆಯೋ, ನೀರಿನ ಬಣ್ಣ ಬದಲಾದರೆ ಮೇಲೆ ಎಲ್ಲಿ ಮಳೆಯಾಗಿದೆ, ಇದೆಲ್ಲ ಅವನಿಗೆ ತಿಳಿದಿರಬೇಕು. ಈ ವಿದ್ಯೆಯನ್ನು ಯಾವ ಶಾಲೆಯೂ ಕಲಿಸುವುದಿಲ್ಲ. ಮೂರನೆಯದು ಮಿತಿ. ಮನೆಗೆ ಬೇಕಾದಷ್ಟು ಸಿಕ್ಕಿತೆಂದರೆ ಕೋಲು ಮಡಿಸಿ ಎದ್ದು ಬರುವುದು.

ನಮ್ಮ ಮಲೆನಾಡು ಹೊಳೆಗಳ ತವರುಮನೆ. ಹೇಮಾವತಿ ಮೂಡಿಗೆರೆ ತಾಲೂಕಿನ ಜಾವಳಿಯ ಬಳಿ ಹುಟ್ಟಿ ಕಾವೇರಿಯನ್ನು ಸೇರುತ್ತಾಳೆ. ಭದ್ರೆ ಗಂಗಾಮೂಲದಲ್ಲಿ ಹುಟ್ಟಿ ಕಳಸ, ಬಾಳೆಹೊನ್ನೂರು ದಾಟಿ ಹೋಗುತ್ತಾಳೆ. ಮುಂಗಾರು ಶುರುವಾಗಿ ಹೊಸ ನೀರು ಬಂದಾಗ ಮೀನುಗಳು ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಏರುತ್ತವೆ. ನಾವು ಇದನ್ನೇ ಹತ್ತುಮೀನು ಎನ್ನುತ್ತೇವೆ. ಆಗ ಕೂಳಿ ಇಟ್ಟು ಬಾಚುವ ಸಂಭ್ರಮ ಎಲ್ಲರಿಗೂ ಗೊತ್ತು. ಆದರೆ ಆ ಮೀನುಗಳ ಹೊಟ್ಟೆಯಲ್ಲಿ ಇರುವುದು ಮುಂದಿನ ವರ್ಷದ ಮೀನು. ಹಳ್ಳಕ್ಕೆ ಅಡ್ಡಕಟ್ಟಿ ಎಲ್ಲವನ್ನೂ ಹಿಡಿದರೆ ಬರುವ ವರ್ಷ ಹೊಳೆ ಖಾಲಿ.

ಇದಕ್ಕಿಂತ ಕೆಟ್ಟದ್ದು ಸಿಡಿಮದ್ದು ಹಾಕುವುದು, ವಿಷ ಬೆರೆಸುವುದು, ಕರೆಂಟು ಹಾಯಿಸುವುದು. ಸಿಡಿಮದ್ದು ಸಿಡಿದಾಗ ತಿನ್ನುವ ಮೀನು ಮಾತ್ರ ಸಾಯುವುದಿಲ್ಲ. ಮರಿ, ಮೊಟ್ಟೆ, ಏಡಿ ಎಲ್ಲವೂ ಸಾಯುತ್ತವೆ. ಸತ್ತದ್ದರಲ್ಲಿ ಎಷ್ಟೋ ಮುಳುಗಿ ಕೊಳೆಯುತ್ತವೆ. ಕೈ ಕಳಕೊಂಡವರೂ, ಪ್ರಾಣ ಕಳಕೊಂಡವರೂ ಇದ್ದಾರೆ. ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದು ಅಪರಾಧವೆಂದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಹೇಳಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಭಕ್ತಿಯಿಂದ ಮೀನುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ಊರಿನ ಮಡುವಿಗೆ ಅಂಥ ಕಾವಲು ಯಾರು?

ನಿಜವಾದ ಗಾಳಗಾರ ಹೊಳೆಯ ಶತ್ರು ಅಲ್ಲ. ಹೊಳೆ ಸತ್ತರೆ ಅವನ ಭಾನುವಾರವೂ ಸಾಯುತ್ತದೆ. ಆ ಲೈನ್ ಮನೆಯ ಯಜಮಾನ ಸಣ್ಣ ಮೀನನ್ನು ಗಾಳದಿಂದ ಬಿಡಿಸಿ, "ಹೋಗು, ದೊಡ್ಡದಾಗಿ ಬಾ" ಎಂದು ನೀರಿಗೆ ಬಿಡುತ್ತಿದ್ದರಂತೆ. ಇದನ್ನು ನಮಗೆ ಹೇಳಿದವನು ಅವರ ಜೊತೆ ಹುಳುವಿನ ಚಿಪ್ಪು ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಸಣ್ಣ ಹುಡುಗ.

ದೊಡ್ಡವರು ಸಣ್ಣವರನ್ನು ಕಂಡ ಬಗೆ

ತೇಜಸ್ವಿಯವರ ಬರಹದಲ್ಲಿ ನಮಗೆ ಬಹಳ ಮುಖ್ಯವಾದದ್ದು ಇದು. 'ಕರ್ವಾಲೊ' ಕಾದಂಬರಿಯಲ್ಲಿ ಮಂದಣ್ಣ ಎಂಬ ಒಬ್ಬ ಹಳ್ಳಿಯ ಯುವಕ ಬರುತ್ತಾನೆ. ಊರಿನವರ ಲೆಕ್ಕದಲ್ಲಿ ಅವನು ದಡ್ಡ, ಉಡಾಳ. ಆದರೆ ದೊಡ್ಡ ವಿಜ್ಞಾನಿ ಕರ್ವಾಲೊ ಅವನ ಬೆನ್ನು ಬಿಡುವುದಿಲ್ಲ. ಯಾಕೆಂದರೆ ಕಾಡಿನಲ್ಲಿ ಹಾರುವ ಓತಿಯನ್ನು ಕಂಡವನು, ಜೇನು, ಕೀಟ, ಮರಗಳ ಗುಟ್ಟು ತಿಳಿದವನು ಅವನೇ. 'ಪರಿಸರದ ಕತೆ'ಯಲ್ಲಿ ಮಾರ, ಪ್ಯಾರ, ಮಾಸ್ತಿ, ಬೈರ ಇವರೆಲ್ಲ ಬರುತ್ತಾರೆ. ನಮ್ಮ ನಿಮ್ಮಂಥ ಜನ. ನಗಿಸುತ್ತಾರೆ, ಸುಳ್ಳು ಹೇಳುತ್ತಾರೆ, ಕೆಲಸ ತಪ್ಪಿಸುತ್ತಾರೆ, ಆದರೆ ಕಾಡು ಹೊಳೆಯ ವಿಷಯ ಬಂದರೆ ಗುರುಗಳಾಗುತ್ತಾರೆ. 'ಕಿರಗೂರಿನ ಗಯ್ಯಾಳಿಗಳು' ಕತೆಯಲ್ಲಿ ಹಳ್ಳಿಯ ಹೆಂಗಸರು ಒಟ್ಟಾಗಿ ಗಂಡಸರ ಕುಡಿತ ಮತ್ತು ದಬ್ಬಾಳಿಕೆಗೆ ಎದುರು ನಿಲ್ಲುತ್ತಾರೆ. ಇದು 2016ರಲ್ಲಿ ಸಿನಿಮಾ ಆಗಿಯೂ ಬಂತು. ನಮ್ಮ ಸಂಘಗಳಲ್ಲಿ ತೋರಿಸಲು ತಕ್ಕ ಸಿನಿಮಾ.

ಎಂ.ಎ. ಓದಿದ ಮನುಷ್ಯ ಕೂಲಿಯವರ ಪಕ್ಕದಲ್ಲಿ ಕೂತು ಅವರ ಮಾತನ್ನು ಕೇಳಿದರು. "ಇವನ ಬಗ್ಗೆ ಬರೆಯೋಕೆ ಏನಿದೆ" ಎಂದು ಅವರು ಕೇಳಲಿಲ್ಲ. ನಾವು ಕೇಳುತ್ತೇವೆ, ಅದೂ ನಮ್ಮ ಮನೆಯವರ ಬಗ್ಗೆಯೇ!

ತಂದೆಯನ್ನು ನೆನೆಯುವಾಗಲೂ ಅವರು ಹೀಗೆಯೇ ನಡೆದುಕೊಂಡರು. ಕುವೆಂಪು ಅವರು 1994ರಲ್ಲಿ ತೀರಿಕೊಂಡ ಮೇಲೆ 'ಅಣ್ಣನ ನೆನಪು' ಎಂಬ ಪುಸ್ತಕ ಬರೆದರು. ಅವರ ಮನೆಯಲ್ಲಿ ಅಪ್ಪನನ್ನು ಅಣ್ಣ ಎಂದು ಕರೆಯುತ್ತಿದ್ದರು. ನಾಡೇ ಕೈಮುಗಿಯುವ ಕವಿಯನ್ನು ಆ ಪುಸ್ತಕದಲ್ಲಿ ಮನೆಯೊಳಗಿನ ಅಪ್ಪನಾಗಿ ಕಾಣುತ್ತೇವೆ. ಓದುತ್ತಾ ನಗು ಬರುತ್ತದೆ. ಮುಂದೆ ತೇಜಸ್ವಿಯವರು ತೀರಿಕೊಂಡ ಮೇಲೆ ಅವರ ಪತ್ನಿ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ಪುಸ್ತಕ ಬರೆದರು. ಅವರೂ 2021ರಲ್ಲಿ ಅಗಲಿದರು. ಮಗ ಅಪ್ಪನನ್ನು ಬರೆದರು, ಹೆಂಡತಿ ಗಂಡನನ್ನು ಬರೆದರು. ಮನೆಯವರು ಬರೆದರೆ ಮಾತ್ರ ಉಳಿಯುವ ಸಂಗತಿಗಳು ಕೆಲವಿವೆ.

ತಬರನ ಕತೆ ಮತ್ತು ನಮ್ಮ ಕಾಗದಪತ್ರ

ತೇಜಸ್ವಿಯವರ 'ತಬರನ ಕತೆ' ಗೊತ್ತೇ? ತಬರ ಪುರಸಭೆಯ ಒಬ್ಬ ಬಡ ನೌಕರ. ನಿವೃತ್ತಿಯಾದ ಮೇಲೆ ಪಿಂಚಣಿ ಬರುವುದಿಲ್ಲ. ಹೆಂಡತಿಯ ಕಾಲಿನ ಗಾಯ ಸಕ್ಕರೆ ಕಾಯಿಲೆಯಿಂದ ಕೊಳೆಯತೊಡಗುತ್ತದೆ. ಅವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕಾಗದ ಮುಂದಕ್ಕೆ ಹೋಗುವುದಿಲ್ಲ, ಕಾಯಿಲೆ ಮುಂದಕ್ಕೆ ಹೋಗುತ್ತದೆ. ಕೊನೆಗೆ ಹೆಂಡತಿ ಸಾಯುತ್ತಾಳೆ. ಗಿರೀಶ್ ಕಾಸರವಳ್ಳಿಯವರು ಇದನ್ನು ಸಿನಿಮಾ ಮಾಡಿದರು. ಅದಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು.

ನಮ್ಮ ಆ ಸದಸ್ಯೆಯ ಮನೆಯಲ್ಲೂ ತಬರನ ನೆರಳು ಬಿದ್ದಿತ್ತು. ಗಂಡನ ಹೆಸರು ಪಿ.ಎಫ್. ಕಾಗದದಲ್ಲಿ ಒಂದು ಥರ, ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ ಇತ್ತು. ಒಂದು ಕಚೇರಿಯಲ್ಲಿ, "ಇವರು ಅವರೇ ಅಂತ ಹೇಗೆ ನಂಬೋದು?" ಎಂದು ಕೇಳಿ ವಾಪಸ್ ಕಳಿಸಿದರು. ಜೀವಮಾನವೆಲ್ಲ ದುಡಿದ ಮನುಷ್ಯ ತಾನು ತಾನೇ ಎಂದು ಸತ್ತ ಮೇಲೂ ತೋರಿಸಬೇಕಾಯಿತು.

ಆಗ ಉಪಯೋಗಕ್ಕೆ ಬಂದದ್ದು ನಾವು ಸಭೆಯಲ್ಲಿ ಬರೆದ ಆ ಎರಡು ಹಾಳೆ. ಯಾವ ವರ್ಷ ತೋಟಕ್ಕೆ ಸೇರಿದರು, ಆಗ ರೈಟರು ಯಾರಿದ್ದರು, ಮೊದಲು ಯಾವ ತೋಟದಲ್ಲಿದ್ದರು, ಜೊತೆಗೆ ಸೇರಿದವರು ಯಾರು, ಇವೆಲ್ಲ ಗೆಳೆಯರ ಬಾಯಿಂದ ಬಂದು ಅದರಲ್ಲಿ ದಾಖಲಾಗಿದ್ದವು. ಆ ಹಾಳೆಯೇ ಸರ್ಕಾರಿ ದಾಖಲೆ ಆಗಲಿಲ್ಲ, ನಿಜ. ಆದರೆ ಹಳೆಯ ಹಾಜರಿ ಪುಸ್ತಕವನ್ನು ಎಲ್ಲಿ ಹುಡುಕಬೇಕು, ಯಾರ ಸಾಕ್ಷಿ ಕೇಳಬೇಕು ಎಂದು ದಾರಿ ತೋರಿಸಿತು. ತಿಂಗಳುಗಳು ಹಿಡಿದವು, ಕೊನೆಗೆ ಹಣ ಬಂತು.

ಆದ್ದರಿಂದ ಈ ಕೆಲವು ವಿಷಯಗಳನ್ನು ಪ್ರತಿ ಸದಸ್ಯೆ ತಿಳಿದಿರಬೇಕು:

1. ಸಾವು ಸಂಭವಿಸಿದ 21 ದಿನಗಳ ಒಳಗೆ ನೋಂದಣಿ ಮಾಡಿಸಬೇಕು. ಇದು 1969ರ ಜನನ ಮರಣ ನೋಂದಣಿ ಕಾಯಿದೆಯ ನಿಯಮ. ಈ ಅವಧಿಯಲ್ಲಿ ಮಾಡಿಸಿದರೆ ಶುಲ್ಕವಿಲ್ಲ. ತಡವಾದಷ್ಟೂ ಶುಲ್ಕ, ಅಫಿಡವಿಟ್, ಅಧಿಕಾರಿಗಳ ಅನುಮತಿ ಎಂದು ಓಡಾಟ ಹೆಚ್ಚುತ್ತದೆ.

2. ಮರಣ ಪತ್ರದಲ್ಲಿ ಬರೆಸುವ ಹೆಸರು ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೆ ಹೊಂದುತ್ತದೆಯೇ ಎಂದು ಬರೆಸುವಾಗಲೇ ನೋಡಿಕೊಳ್ಳಿ.

3. ಪಿ.ಎಫ್. ಇರುವ ಕಾರ್ಮಿಕ ತೀರಿಕೊಂಡರೆ ಕೂಡಿಟ್ಟ ಹಣದ ಜೊತೆಗೆ, ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ, ನಿಯಮದಂತೆ ಹೆಂಡತಿಗೆ ಪಿಂಚಣಿಯ ಹಕ್ಕೂ ಇದೆ. ನಾಮಿನಿಯ ಹೆಸರು ಸರಿಯಾಗಿದೆಯೇ ಎಂದು ಬದುಕಿರುವಾಗಲೇ ನೋಡಬೇಕು.

4. ಬ್ಯಾಂಕ್ ಖಾತೆ, ವಿಮೆ, ಸಂಘದ ಉಳಿತಾಯ ಎಲ್ಲದಕ್ಕೂ ನಾಮಿನಿ ಇರಲಿ.

"ಮನುಷ್ಯ ಬದುಕಿರುವಾಗ ಸಾವಿನ ಮಾತು ಯಾಕೆ, ಅಪಶಕುನ" ಎಂದು ಕೆಲವರು ಹೇಳುತ್ತಾರೆ. ಮಳೆ ಬರುವ ಮುಂಚೆ ಹಂಚು ಕೈಯಾಡಿಸುವುದು ಅಪಶಕುನವೇ? ಇದೂ ಹಾಗೆಯೇ.

ನೆನಪು ಹೇಗಿರಬೇಕು?

ನಿಜ ಇರಲಿ. ಸತ್ತವರನ್ನು ದೇವರು ಮಾಡಬೇಕಾಗಿಲ್ಲ. ಆ ತಾಯಿ ಹೇಳಿದರು, "ಭಾನುವಾರ ಸೌದೆ ತನ್ನಿ ಅಂದ್ರೆ ಗಾಳ ಹಿಡ್ಕೊಂಡು ಹೋಗ್ತಿದ್ರು, ಜಗಳ ಆಗ್ತಿತ್ತು." ಅದನ್ನೂ ಬರೆದೆವು. ಆಗ ಎಲ್ಲರೂ ನಕ್ಕರು, ಅವರೂ ನಕ್ಕರು. ಗಂಡ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಣ್ಣ ಸಂಗತಿ ಇರಲಿ. "ಒಳ್ಳೆಯವರು, ಕಷ್ಟಜೀವಿ" ಎಂದರೆ ಸಾಲದು. ಏನು ಮಾಡಿದ್ದರಿಂದ ಒಳ್ಳೆಯವರು? ಕೊನೆ ಮನೆಯ ಅಜ್ಜಿಗೆ ಕೊಟ್ಟ ಆ ಮೊದಲ ಮೀನಿನಿಂದ.

ಅವರ ಸಂತೋಷವೂ ಇರಲಿ. ದುಡಿಯುವ ಮನುಷ್ಯನ ದುಡಿಮೆಯನ್ನು ಮಾತ್ರ ಲೆಕ್ಕ ಹಾಕುವವರು ಮಾಲೀಕರು. ನಾವು ಮನೆಯವರು. ಅವರಿಗೆ ಏನು ಇಷ್ಟ, ಎಲ್ಲಿ ಕೂತರೆ ಮನಸ್ಸು ಹಗುರವಾಗುತ್ತಿತ್ತು ಎನ್ನುವುದೂ ಅವರ ಜೀವನವೇ.

ಸಾಲ ಬೇಡ. ತಿಥಿಯ ಊಟಕ್ಕೆ, ಪುಣ್ಯತಿಥಿಗೆ ಬಡ್ಡಿಗೆ ಹಣ ತಂದು ಊರಿಗೆಲ್ಲ ಬಡಿಸಿ, ಆಮೇಲೆ ಮಗಳ ಶಾಲೆ ಬಿಡಿಸುವುದು ಅಗಲಿದವರಿಗೆ ತೋರುವ ಗೌರವ ಅಲ್ಲ. ಪ್ರಾರ್ಥನೆಗೆ ಖರ್ಚಿಲ್ಲ. ನಾಲ್ಕು ಜನ ಕೂತು ಅವರ ಬಗ್ಗೆ ಮಾತಾಡುವುದಕ್ಕೂ ಖರ್ಚಿಲ್ಲ.

ಉಳಿದವರ ಕಡೆ ಕಣ್ಣಿರಲಿ. ಮೊದಲ ಹದಿನೈದು ದಿನ ಮನೆ ತುಂಬಾ ಜನ. ಮೂರನೇ ತಿಂಗಳು ಯಾರೂ ಇಲ್ಲ. ಸಂಘದವರು ಹೋಗಬೇಕಾದದ್ದು ಆಗಲೇ.

ಸಭೆಯಲ್ಲಿ ಮಾಡುವ ಚಟುವಟಿಕೆ

ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ಊರಿನ, ಅಗಲಿದ ಒಬ್ಬ ದುಡಿಮೆಗಾರರನ್ನು ಆರಿಸಿಕೊಳ್ಳಿ. ಹಾಳೆಯ ಒಂದು ಬದಿಯಲ್ಲಿ ಇವನ್ನು ಬರೆಯಿರಿ: ಪೂರ್ಣ ಹೆಸರು, ಕರೆಯುವ ಹೆಸರು, ಹುಟ್ಟೂರು, ಎಲ್ಲೆಲ್ಲಿ ಯಾವ ವರ್ಷ ಕೆಲಸ ಮಾಡಿದರು, ಜೊತೆಗಿದ್ದವರು ಯಾರು. ಇನ್ನೊಂದು ಬದಿಯಲ್ಲಿ: ಅವರ ಕೈಕೆಲಸದ ಹೆಚ್ಚುಗಾರಿಕೆ, ಅವರು ಮಾಡಿದ ಒಂದು ಉಪಕಾರ, ಅವರಿಗೆ ಪ್ರಿಯವಾದ ಒಂದು ವಿಷಯ, ಅವರು ಆಗಾಗ ಆಡುತ್ತಿದ್ದ ಒಂದು ಮಾತು. ಆಮೇಲೆ ಓದಿ ಹೇಳಿ. ಗೊತ್ತಿರುವ ಬೇರೆಯವರು ಸೇರಿಸಲಿ. ಯಾರಾದರೂ ಅತ್ತರೆ ತಡೆಯಬೇಡಿ, ಅವಸರ ಮಾಡಬೇಡಿ.

ಚರ್ಚೆಗೆ ಪ್ರಶ್ನೆಗಳು

1. "ಕೂಲಿಯವನ ಬಗ್ಗೆ ಬರೆಯೋಕೆ ಏನಿದೆ" ಎಂದು ನಮಗೆ ಯಾಕೆ ಅನಿಸುತ್ತದೆ? ಹಾಗೆ ಯೋಚಿಸಲು ನಮಗೆ ಕಲಿಸಿದವರು ಯಾರು?

2. ನಮ್ಮ ಮನೆಯ ಗಂಡಸರು ಬದುಕಿರುವಾಗ ಅವರ ಒಳ್ಳೆಯತನವನ್ನು ಅವರ ಎದುರು ಹೇಳಿದ್ದೇವೆಯೇ? ಅವರು ನಮ್ಮ ಬಗ್ಗೆ ಹೇಳಿದ್ದಾರೆಯೇ?

3. ನಮ್ಮ ಹೊಳೆ, ಕೆರೆಗಳಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಇದ್ದ ಯಾವ ಮೀನುಗಳು ಈಗ ಕಾಣುವುದಿಲ್ಲ? ಕಾರಣವೇನು?

4. ಸಂಘದ ಎಷ್ಟು ಸದಸ್ಯರ ಮನೆಯಲ್ಲಿ ಹೆಸರು ಬೇರೆ ಬೇರೆ ಕಾಗದದಲ್ಲಿ ಬೇರೆ ಬೇರೆ ಥರ ಇದೆ?

ಮುಂದಿನ ಸಭೆಗೆ

ಮನೆಯ ಎಲ್ಲ ಕಾಗದಪತ್ರಗಳನ್ನು ಒಂದೇ ಚೀಲದಲ್ಲಿ ಹಾಕಿ ತನ್ನಿ. ಪ್ರೇರಕಿಯರು ಹೆಸರು ಮತ್ತು ನಾಮಿನಿ ಪರಿಶೀಲಿಸಲು ಸಹಾಯ ಮಾಡುತ್ತಾರೆ. ಸಾಧ್ಯವಿರುವ ಸಂಘಗಳು ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದಲ್ಲಿರುವ ತೇಜಸ್ವಿ ಪ್ರತಿಷ್ಠಾನಕ್ಕೆ ಮಕ್ಕಳನ್ನು ಕರೆದುಕೊಂಡು ಒಂದು ದಿನ ಹೋಗಿ ಬರಬಹುದು.

ಕೊನೆಯದಾಗಿ ಒಂದು ಮಾತು. ಹೋದ ತಿಂಗಳು ಆ ಲೈನ್ ಮನೆಗೆ ಮತ್ತೆ ಹೋಗಿದ್ದೆ. ಸೂರಿನಲ್ಲಿ ಒಂದೇ ಕೋಲು ಇತ್ತು. "ಇನ್ನೊಂದು ಎಲ್ಲಿ?" ಎಂದೆ. "ಆ ಹುಡುಗ ಇಲ್ವಾ ಸಿಸ್ಟರ್, ಹುಳ ಹಿಡ್ಕೊಂಡು ಹೋಗ್ತಿದ್ದೋನು, ಅವನಿಗೆ ಕೊಟ್ಟೆ. ಸಣ್ಣ ಮೀನು ಬಿಟ್ಬಿಡ್ಬೇಕು ಅಂತ ಹೇಳಿ ಕೊಟ್ಟೆ" ಅಂದರು.